ಸೂಜಿ ಹಿಡಿದ ತಾಸುಗಳಿಗೆ ಬೆಲೆ ಎಷ್ಟು?

ಕೈಯಲ್ಲಿ ಒಂದು ಕಲೆ ಇಟ್ಟುಕೊಂಡವರಿಗೆ ನೆಂಟರಿಷ್ಟರಿಂದ ಈ ಮಾತು ತಪ್ಪಿದ್ದಲ್ಲ: ‘ಇಷ್ಟು ಚಂದ ಮಾಡ್ತೀರಿ, ಮಾರಾಟಕ್ಕೆ ಯಾಕೆ ಇಡಬಾರದು?’ ಕೇಳುವವರ ಅಭಿಮಾನ ನಿಜವಾದದ್ದೇ. ಮಕ್ಕಳು ದೊಡ್ಡವರಾಗಿ ಊರು ಬಿಟ್ಟ ಮೇಲೆ, ನೌಕರಿಯಿಂದ ನಿವೃತ್ತಿ ಆದ ಮೇಲೆ, ಮೂವತ್ತು ನಲವತ್ತು ವರ್ಷ ಬಿಡುವಿನಲ್ಲಿ ಪಳಗಿದ ಕೈಯನ್ನು ನಂಬಿ ಸಣ್ಣದೊಂದು ಉದ್ಯಮ ಹೂಡುವ ಆಸೆ ಹುಟ್ಟುವುದೂ ಸಹಜ. ಆಮೇಲೆ ಸಲಹೆಗಳು ಬರತೊಡಗುತ್ತವೆ. ಒಳ್ಳೆಯ ಹೆಸರಿಡಿ, ಇನ್‌ಸ್ಟಾಗ್ರಾಮಿನಲ್ಲಿ ಪುಟ ತೆರೆಯಿರಿ, ಬೆಳಕಿರುವಲ್ಲಿ ಫೋಟೊ ತೆಗೆಯಿರಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ. ಇವೆಲ್ಲ ಬೇಕಾದವೇ. ಆದರೆ ಇವಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಬಹಳಷ್ಟು ಜನ ಕೇಳಿಕೊಳ್ಳುವುದೇ ಇಲ್ಲ: ಈ ವಸ್ತುವಿಗೆ ನನ್ನ ಎಷ್ಟು ತಾಸು ಹೋಗಿದೆ, ಆ ತಾಸಿಗೆ ನಾನು ಎಷ್ಟು ಹಾಕಿಕೊಂಡಿದ್ದೇನೆ? ಹವ್ಯಾಸವು ಉದ್ಯಮವಾಗುವುದು ಈ ಲೆಕ್ಕ ಶುರುವಾದ ದಿನದಿಂದ ಎಂಬುದು ನನ್ನ ವಾದ. ಲೆಕ್ಕವಿಲ್ಲದೆ ಮಾರಾಟಕ್ಕಿಳಿದವರು ತಾವು ನಷ್ಟಪಡುವುದರ ಜೊತೆಗೆ, ಅದೇ ಕೆಲಸದಿಂದ ಹೊಟ್ಟೆ ಹೊರೆಯುವವರ ಕೂಲಿಯನ್ನೂ ಕೆಳಗೆ ಎಳೆಯುತ್ತಾರೆ. ಧಾರವಾಡ ಸೀಮೆಯ ಕಸೂತಿಯನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕಸೂತಿ ಹುಟ್ಟಿದ್ದೇ ಮನೆಯೊಳಗೆ. ಮಗಳ ಮದುವೆಗೆಂದು, ಚೊಚ್ಚಲ ಬಸುರಿಗೆ ಉಡಿಸುವ ಕಪ್ಪು ಚಂದ್ರಕಾಳಿ ಸೀರೆಗೆಂದು, ಇಳಕಲ್ ಸೀರೆಯ ಸೆರಗು ಮತ್ತು ಕುಪ್ಪಸಕ್ಕೆಂದು ತಾಯಂದಿರು, ಅಜ್ಜಿಯರು ಮಧ್ಯಾಹ್ನದ ಬೆಳಕಿನಲ್ಲಿ ಹಾಕುತ್ತಿದ್ದ ಕೆಲಸ ಅದು. ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ನವಿಲು, ತೊಟ್ಟಿಲು ಹೀಗೆ ಅವರ ಕಣ್ಣೆದುರಿನ ಲೋಕವೆಲ್ಲ ಅದರಲ್ಲಿ ಇಳಿದಿದೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿ ಇದರಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಇಳಿಸಬೇಕು. ಇರುವುದು ನಾಲ್ಕೇ ಹೊಲಿಗೆ: ಗಾವಂತಿ, ಮುರಗಿ, ನೇಯ್ಗಿ, ಮೆಂತಿ. ಗಾವಂತಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಾಲ್ಕು ಎಳೆ ಬಿಟ್ಟು ಒಂದು ಹೊಲಿಗೆ, ಮತ್ತೆ ನಾಲ್ಕು ಎಳೆ ಖಾಲಿ, ಮತ್ತೆ ಹೊಲಿಗೆ ಎಂದು ಸೂಜಿ ಮುಂದಕ್ಕೆ ಹೋಗುತ್ತದೆ. ಗೆರೆಯ ಕೊನೆ ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುವಾಗ ಖಾಲಿ ಬಿಟ್ಟ ಜಾಗಗಳೆಲ್ಲ ತುಂಬಿಕೊಳ್ಳುತ್ತವೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಶುರುವಿನ ತುದಿಯನ್ನೂ ಕೊನೆಯ ತುದಿಯನ್ನೂ ಹೊಲಿಗೆಯ ಅಡಿಯಲ್ಲೇ ಅಡಗಿಸಬೇಕು. ಹಾಗೆ ಮಾಡಿದಾಗ ಮಾತ್ರ ಸೆರಗಿನ ಒಳಮೈ ಯಾವುದು, ಹೊರಮೈ ಯಾವುದು ಎಂದು ಗುರುತು ಸಿಗದಷ್ಟು ಎರಡೂ ಬದಿ ಒಂದೇ ಆಗಿ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿಗೂ ಇದೇ ನಿಯಮ. ಅಡ್ಡಗುಣಿಸು ಹಾಕುತ್ತ ತುಂಬುವ ಮೆಂತಿಯ ಹಿಂಬದಿ ಬೇರೆಯೇ, ಅದಕ್ಕೆ ದಾರವೂ ಹೆಚ್ಚು ಬೇಕು.

ಈ ವಿವರ ಯಾಕೆ ಹೇಳಿದೆನೆಂದರೆ, ಕಸೂತಿಯ ಬಹುಪಾಲು ಸಮಯ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಕಡೆ ನಾಲ್ಕರ ಬದಲು ಐದು ಎಳೆ ಹಿಡಿದರೆ ಸಾಕು, ಗೋಪುರದ ಎರಡು ಮಗ್ಗುಲು ಶಿಖರದಲ್ಲಿ ಕೂಡುವುದಿಲ್ಲ. ಆ ತಪ್ಪು ಗೊತ್ತಾಗುವ ಹೊತ್ತಿಗೆ ಎರಡು ಮೂರು ಸಾಲು ಮುಂದೆ ಹೋಗಿರುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ರೇಷ್ಮೆಯಂಥ ನುಣುಪು ಬಟ್ಟೆಯಲ್ಲಿ ಎಳೆ ಎಣಿಸಲು ಆಗದು. ಅದಕ್ಕೆ ಮೊದಲು ಜಾಳು ಬಟ್ಟೆಯೊಂದನ್ನು ಮೇಲೆ ಕೂರಿಸಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕೆಲಸ ಮುಗಿದ ಮೇಲೆ ಆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕೂರಿಸಿದ ಹೊತ್ತು, ಬಿಚ್ಚಿದ ಹೊತ್ತು, ಎಳೆ ತೆಗೆದ ಹೊತ್ತು ಯಾವುದೂ ಸೀರೆಯ ಮೇಲೆ ಕಾಣದು. ಒಂದು ಸೀರೆಯಲ್ಲಿ ಐದು ಸಾವಿರದವರೆಗೂ ಹೊಲಿಗೆ ಬೀಳುವುದುಂಟು. ಮಗಳಿಗೆಂದು ಹಾಕುವಾಗ ಇದನ್ನು ಯಾರೂ ಎಣಿಸುತ್ತಿರಲಿಲ್ಲ, ಎಣಿಸಬೇಕಾಗಿಯೂ ಇರಲಿಲ್ಲ. ಗಿರಾಕಿಗೆಂದು ಹಾಕುವಾಗಲೂ ಎಣಿಸದೇ ಇರುವ ಅಭ್ಯಾಸ ಮುಂದುವರಿದಲ್ಲಿ ತೊಂದರೆ ಶುರುವಾಗುತ್ತದೆ.

ಒಂದು ಅಂದಾಜು ಲೆಕ್ಕ ಹಾಕೋಣ. ಸೆರಗು, ಒಡಲು ಸೇರಿ ಒಂದು ಸೀರೆಗೆ 120 ತಾಸು ಹಿಡಿಯಿತು ಎಂದಿಟ್ಟುಕೊಳ್ಳಿ. ಸೀರೆಯ ಬೆಲೆ 2,500 ರೂಪಾಯಿ, ದಾರದ ಲಡಿ, ಸೂಜಿ ಇತ್ಯಾದಿಗೆ 300 ಇರಲಿ. ‘ಮನೆಯಲ್ಲಿ ಮಾಡಿದ್ದು ತಾನೇ’ ಎಂದು ಸಂಕೋಚಪಟ್ಟು 4,500 ರೂಪಾಯಿಗೆ ಕೊಟ್ಟರೆ ಕೈಗುಳಿಯುವುದು 1,700. ತಾಸಿಗೆ 14 ರೂಪಾಯಿ ಚಿಲ್ಲರೆ, ಎಂಟು ತಾಸಿನ ದಿನಕ್ಕೆ ಸುಮಾರು 113. ಇನ್ನು ಹೋಲಿಕೆಗೆ ಒಂದು ಅಧಿಕೃತ ಅಂಕಿ: ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ರ ಸಾಲಿಗೆ ಕರ್ನಾಟಕಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಯಾವ ವಿಶೇಷ ತರಬೇತಿಯನ್ನೂ ಬೇಡದ ಮಣ್ಣಿನ ಕೆಲಸಕ್ಕೆ ಸರ್ಕಾರ ಆ ಸಾಲಿನಲ್ಲಿ ಕೊಟ್ಟ ದರವನ್ನೇ ಹಿಡಿದರೂ 120 ತಾಸಿಗೆ 5,550 ರೂಪಾಯಿ ಕೂಲಿ ಆಗುತ್ತದೆ, ಸೀರೆ 8,350ಕ್ಕೆ ಹೋಗಬೇಕಾಗುತ್ತದೆ. ನಲವತ್ತು ವರ್ಷದ ಅನುಭವಕ್ಕೆ, ವಿನ್ಯಾಸಕ್ಕೆ, ಗಿರಾಕಿಗಳ ಪ್ರಶ್ನೆಗೆ ಉತ್ತರ ಬರೆದ ಹೊತ್ತಿಗೆ, ಅಂಗಡಿಯವರ ಕಮಿಷನ್ನಿಗೆ, ಮಾರಾಟವಾಗದೆ ಬೀರುವಿನಲ್ಲಿ ಉಳಿದ ತುಂಡಿಗೆ ಇನ್ನೂ ಒಂದು ರೂಪಾಯಿ ಸೇರಿಲ್ಲ. ತಾಸಿನ ಲೆಕ್ಕ ಇಡದವರಿಗೆ ಈ ನಷ್ಟ ನಷ್ಟವೆಂದೇ ತೋರುವುದಿಲ್ಲ, ಏಕೆಂದರೆ 1,700 ರೂಪಾಯಿ ಕೈಗೆ ಬಂದದ್ದಂತೂ ಹೌದಲ್ಲ.

ಬಿಡುವಿನ ಕೆಲಸ ಎಂಬ ಒಂದೇ ಮಾತು ಕೂಲಿಯನ್ನು ಎಷ್ಟು ಕೆಳಗೆ ಒತ್ತಬಲ್ಲದು ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ದೊಡ್ಡ ಸಾಕ್ಷಿ ಇದೆ. ಆಂಧ್ರದ ಪಶ್ಚಿಮ ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಹೆಂಗಸರಿಗೆ ಲೇಸ್ ಹೆಣೆಯುವುದನ್ನು ಕಲಿಸಿದರು. ಮುಂದೆ ಅದು ವಿದೇಶಗಳಿಗೆ ರಫ್ತಾಗುವ ಭಾರೀ ವ್ಯಾಪಾರವಾಗಿ ಬೆಳೆಯಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಹೆಂಗಸರು ಮನೆಗೆಲಸದ ಜೊತೆಗೇ ದಿನದ ಬಹುಭಾಗ ಲೇಸ್ ಹೆಣೆಯುತ್ತಿದ್ದರು, ಆದರೆ ಅವರ ಗಳಿಕೆ ಹೊಲದಲ್ಲಿ ದುಡಿಯುವ ಕೂಲಿ ಹೆಂಗಸರಿಗಿಂತಲೂ ತೀರಾ ಕಡಿಮೆ. ವ್ಯಾಪಾರಿಗಳಿಗೂ ಗಂಡಂದಿರಿಗೂ, ಎಷ್ಟೋ ವೇಳೆ ಹೆಣೆಯುವವರಿಗೇ ಕೂಡ, ಅವರು ಕಾರ್ಮಿಕರಾಗಿ ಕಾಣಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಏನೋ ಹೆಣೆಯುತ್ತಾರೆ, ಅಷ್ಟೆ. ಲಖನೌದ ಚಿಕನ್ ಕಸೂತಿಯವರ ಬಗ್ಗೆ 1999ರಲ್ಲಿ ಪುಸ್ತಕ ಬರೆದ ಮಾನವಶಾಸ್ತ್ರಜ್ಞೆ ಕ್ಲೇರ್ ವಿಲ್ಕಿನ್ಸನ್-ವೆಬರ್ ಕೂಡ ಅಲ್ಲಿ ಇದೇ ಮಾತು ಚಾಲ್ತಿಯಲ್ಲಿದ್ದುದನ್ನು ದಾಖಲಿಸಿದ್ದಾರೆ. ಬಿಡುವಿನ ಕೆಲಸಕ್ಕೆ ಕೂಲಿ ಕೇಳುವುದು ಸಭ್ಯವಲ್ಲ ಎಂಬ ಭಾವನೆಯೇ ಮಧ್ಯವರ್ತಿಯ ಬಂಡವಾಳವಾಗಿತ್ತು.

‘ನರಸಾಪುರದ ಹೆಂಗಸರು ಬಡವರು, ನನಗೆ ಪಿಂಚಣಿ ಬರುತ್ತದೆ, ಮಗ ಕಳಿಸುತ್ತಾನೆ, ಟಿವಿ ನೋಡುತ್ತಾ ಹಾಕಿದ್ದಕ್ಕೆ ನಾಲ್ಕು ಕಾಸು ಬಂದರೆ ಸಾಕು’ ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ, ತಳ್ಳಿಹಾಕುವಂಥದಲ್ಲ. ತನ್ನ ಸಮಯವನ್ನು ಉಚಿತವಾಗಿ ಕೊಡುವ ಹಕ್ಕು ಯಾರಿಗೂ ಇದ್ದೇ ಇದೆ. ಆದರೆ ಪೇಟೆಯಲ್ಲಿ ಬೆಲೆ ಎಂಬುದು ಒಬ್ಬರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಹುಬ್ಬಳ್ಳಿಯ ಅಂಗಡಿಯವನ ಮುಂದೆ ಒಬ್ಬರು 4,500ರ ಸೀರೆ ಇಟ್ಟರೆ, ಅದೇ ಕೆಲಸದ ಸೀರೆಗೆ 8,000 ಕೇಳುವ ಇನ್ನೊಬ್ಬಳು ದುರಾಸೆಯವಳಾಗಿ ಕಾಣುತ್ತಾಳೆ. ಅವಳ ಮನೆ ಬಾಡಿಗೆ, ಮಕ್ಕಳ ಫೀಜು ಅದೇ ಸೂಜಿಯ ಮೇಲೆ ನಿಂತಿರಬಹುದು. ಸಂಡೂರಿನ ಲಂಬಾಣಿ ಹೆಂಗಸರನ್ನೇ ನೋಡಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ ಕೈಯಲ್ಲಿ ಅರಳಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ, ಕವಡೆ, ಬಣ್ಣದ ತುಂಡುಬಟ್ಟೆಯ ಆ ಕೆಲಸ ಇಂಥ ಕುಟುಂಬಗಳಿಗೆ ಆದಾಯದ ದಾರಿ. ಹಣದ ಅಗತ್ಯವಿಲ್ಲದವರು ಕಸೂತಿಯನ್ನು ಪ್ರೀತಿಯಿಂದ ಉಡುಗೊರೆಯಾಗಿ ಕೊಡಲಿ, ಮೊಮ್ಮಕ್ಕಳಿಗೆ ಹಾಕಿಕೊಡಲಿ, ಕಲಿಯಲು ಬಂದವರಿಗೆ ಹೇಳಿಕೊಡಲಿ. ಒಮ್ಮೆ ಬೆಲೆಚೀಟಿ ಅಂಟಿಸಿದರೆ ಮಾತ್ರ ಅದು ಪೂರ್ತಿ ಬೆಲೆಯೇ ಆಗಿರಬೇಕು.

ಇದಕ್ಕಿಂತ ಬಲವಾದ ಆಕ್ಷೇಪ ಪೇಟೆಯದೇ. ಅಷ್ಟು ಬೆಲೆ ಕೊಡುವವರು ಯಾರು? ಯಂತ್ರದಲ್ಲಿ ಹೊಲಿದ ‘ಕಸೂತಿ’ ಸೀರೆ ಅದರ ಕಾಲುಭಾಗದ ಬೆಲೆಗೆ ಎದುರಿಗೇ ತೂಗುತ್ತಿರುವಾಗ? ಕಸೂತಿಗೆ 2006ರಲ್ಲೇ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ದೊರೆತಿದೆ, ಕರ್ನಾಟಕ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ಅದರ ನೋಂದಣಿ ಇದೆ. ಆದರೆ ಜಿಐ ಕಾಪಾಡುವುದು ಹೆಸರನ್ನು. ಕೂಲಿಯನ್ನು ಗೊತ್ತುಮಾಡುವ ಕೆಲಸ ಅದರದಲ್ಲ, ಸಣ್ಣ ಅಂಗಡಿಯಲ್ಲಿ ಯಂತ್ರದ ಮಾಲಿಗೆ ಕಸೂತಿ ಎಂದು ಹೆಸರಿಡುವುದನ್ನು ತಡೆಯುವುದೂ ಸುಲಭವಲ್ಲ. ಹೀಗಿರುವಾಗ ಕೈಕೆಲಸದವರ ಹತ್ತಿರ ಇರುವ ಒಳ್ಳೆಯ ಪುರಾವೆ ಹೊಲಿಗೆಯ ಹಿಂಬದಿಯೇ. ಯಂತ್ರದ ಹೊಲಿಗೆಯನ್ನು ಮಗುಚಿದರೆ ಬಾಬಿನ್ನಿನ ದಾರ ಬೇರೆಯಾಗಿ ಕಾಣುತ್ತದೆ, ಎಷ್ಟೋ ಸಲ ಕೆಳಗೆ ಹಾಕಿದ ಕಾಗದದ ಚೂರು ಇನ್ನೂ ಅಂಟಿರುತ್ತದೆ. ಗಾವಂತಿಯನ್ನು ಮಗುಚಿದರೆ ಅದೇ ಗೋಪುರ ಮತ್ತೊಮ್ಮೆ ಸಿಗುತ್ತದೆ. ಗಿರಾಕಿಗೆ ಸೆರಗಿನ ಎರಡೂ ಮುಖ ತೋರಿಸಿ, ಎಷ್ಟು ತಾಸಿನ ಕೆಲಸ ಎಂದು ಹೇಳಿ ಮಾರುವವರಿಗೂ, ಬರೀ ಮುಂಭಾಗದ ಫೋಟೊ ಹಾಕಿ ‘ಬೆಲೆಗೆ ಮೆಸೇಜ್ ಮಾಡಿ’ ಎನ್ನುವವರಿಗೂ ಬಹಳ ವ್ಯತ್ಯಾಸವಿದೆ. ಎರಡನೆಯವರು ಯಂತ್ರದೊಂದಿಗೆ ಬೆಲೆಯಲ್ಲೇ ಸ್ಪರ್ಧಿಸಬೇಕು, ಆ ಸ್ಪರ್ಧೆಯಲ್ಲಿ ಕೈಗೆ ಗೆಲುವಿಲ್ಲ.

ಮೊದಮೊದಲು ಗಿರಾಕಿ ಹಿಡಿಯಲು ಅಗ್ಗಕ್ಕೆ ಕೊಟ್ಟು, ಆಮೇಲೆ ಏರಿಸಿದರಾಯಿತು ಎನ್ನುವ ವ್ಯಾಪಾರದ ಜಾಣ್ಮೆ ಕಿರಾಣಿ ಅಂಗಡಿಗೆ ಹೊಂದಬಹುದು. ಕೈಕೆಲಸದಲ್ಲಿ ಮೊದಲ ಬೆಲೆ ಕೆಸರಿನಲ್ಲಿ ಹೂತ ಬಂಡಿಗಾಲಿಯ ಹಾಗೆ, ಮೇಲೆತ್ತುವುದು ಬಹಳ ಕಷ್ಟ. ಕಳೆದ ವರ್ಷ ಅಕ್ಕನಿಗೆ 4,500ಕ್ಕೆ ಕೊಟ್ಟವರು ಈ ವರ್ಷ ತಂಗಿಗೆ 8,000 ಹೇಳುವುದು ಹೇಗೆ? ಬೆಲೆ ಇಳಿಸುವ ಬದಲು ವಸ್ತುವನ್ನೇ ಚಿಕ್ಕದು ಮಾಡುವುದು ಒಳ್ಳೆಯ ದಾರಿ. ಗುಳೇದಗುಡ್ಡದ ಖಣದ ಕುಪ್ಪಸದ ತೋಳಿಗೊಂದು ಸಾಲು, ಕುರ್ತಾದ ಕೊರಳಪಟ್ಟಿ, ಒಂದೇ ಗೋಪುರವಿರುವ ಕೈಚೀಲ, ಎರಡು ನವಿಲಿನ ಕರ್ಟನ್ ಪಟ್ಟಿ ಇಂಥವನ್ನು ಆರು ಎಂಟು ತಾಸಿನಲ್ಲಿ ಮುಗಿಸಬಹುದು. ತಾಸಿನ ದರ ಪೂರ್ತಿ ಸಿಗುತ್ತದೆ, ಕೊಳ್ಳುವವರ ಕೈಗೂ ಎಟುಕುತ್ತದೆ. ಇಂಥವು ನಾಲ್ಕು ಮನೆ ಸೇರಿದ ಮೇಲೆ ಸೀರೆಯ ಆರ್ಡರ್ ಅದರ ನಿಜವಾದ ಬೆಲೆಗೇ ಬರಬಹುದು. ಬಾರದೆಯೂ ಇರಬಹುದು. ಹೀಗೆಲ್ಲ ಮಾಡಿದ ಮೇಲೂ ತಾಸಿನ ದರ ದಕ್ಕದಿದ್ದರೆ ಆ ಕೆಲಸ ಸದ್ಯಕ್ಕೆ ಉದ್ಯಮವಾಗಲಾರದು ಎಂದು ಒಪ್ಪಿಕೊಳ್ಳಬೇಕು. ಅದನ್ನು ಸೋಲು ಎಂದು ನಾನು ಕರೆಯಲಾರೆ. ನಲವತ್ತು ವರ್ಷ ಸಂತೋಷ ಕೊಟ್ಟ ಕೆಲಸ ಇನ್ನೂ ಇಪ್ಪತ್ತು ವರ್ಷ ಹಾಗೆಯೇ ಸಂತೋಷ ಕೊಡಲಿ.

ದುಡ್ಡು ಬಂದರೆ ಆ ಸಂತೋಷವೇ ಹೋಗುತ್ತದೆ ಎನ್ನುವವರೂ ಇದ್ದಾರೆ, ಅವರ ಬೆಂಬಲಕ್ಕೆ ವಿಜ್ಞಾನವೂ ಉಂಟು. ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಪ್ರಸಿದ್ಧ. ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಲಾಯಿತು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಆಮೇಲಿನ ದಿನಗಳಲ್ಲಿ, ಮೊದಲೇ ಮಾತು ಕೊಡಿಸಿಕೊಂಡಿದ್ದ ಮಕ್ಕಳು ಮಾತ್ರ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದರು. ಹೇಳದೆ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ. ಇದನ್ನು ಓದಿ ‘ಹಾಗಾದರೆ ಮಾರಲೇಬಾರದು’ ಎಂಬ ತೀರ್ಮಾನಕ್ಕೆ ಬರುವುದು ಆತುರವಾದೀತು. ಆ ಮಕ್ಕಳನ್ನು ತಡೆದದ್ದು ಬಹುಮಾನಕ್ಕಿಂತ ಹೆಚ್ಚಾಗಿ ಕರಾರು ಎಂದು ನನಗನಿಸುತ್ತದೆ. ಕಸೂತಿಯಲ್ಲಿಯೂ ಬೇಸರ ಹುಟ್ಟಿಸುವುದು ಆ ಕರಾರೇ: ಅದೇ ತೇರಿನ ಹನ್ನೆರಡನೆಯ ಸೆರಗು, ಗಿರಾಕಿ ಆರಿಸಿದ ಬಣ್ಣ, ಗೃಹಪ್ರವೇಶದ ಹಿಂದಿನ ದಿನದ ಗಡುವು. ಅಗ್ಗಕ್ಕೆ ಒಪ್ಪಿಕೊಂಡವರು ಗಳಿಕೆ ಸಾಲದೆ ಹೆಚ್ಚು ಹೆಚ್ಚು ಆರ್ಡರ್ ಹಿಡಿಯಬೇಕಾಗುತ್ತದೆ, ಅವುಗಳಲ್ಲಿ ತಮಗೆ ಬೇಡದ್ದೇ ಜಾಸ್ತಿ. ಸರಿಯಾದ ದರ ಪಡೆಯುವವರು ತಿಂಗಳಿಗೆ ಎರಡೇ ಆರ್ಡರ್ ಹಿಡಿದು, ಮೂರನೆಯದಕ್ಕೆ ಇಲ್ಲವೆಂದು ಹೇಳಿ, ಉಳಿದ ಸಂಜೆಗಳನ್ನು ತಮ್ಮದೇ ಹೊಸ ಚಿತ್ತಾರಕ್ಕೆ ಇಟ್ಟುಕೊಳ್ಳಬಹುದು. ಬೆಲೆ ಕಟ್ಟುವುದರಿಂದ ಪ್ರೀತಿ ಕೆಡುತ್ತದೆ ಎನ್ನುವವರು ಈ ಸ್ವಾತಂತ್ರ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣು, ಕತ್ತು, ಬೆರಳಿನ ಮಾತೂ ಇದೆ. ಅರವತ್ತು ದಾಟಿದವರು ದಿನಕ್ಕೆ ಎಂಟು ತಾಸು ಎಳೆ ಎಣಿಸುತ್ತ ಕೂರಬಾರದು.

ಕಾಗದಪತ್ರದ ವಿಷಯ ಜನ ಹೆದರುವಷ್ಟು ಕಷ್ಟದ್ದಲ್ಲ. 2020ರ ಜುಲೈ 1ರಿಂದ ಇರುವ ಉದ್ಯಮ್ ನೋಂದಣಿ ಆಧಾರ್ ಆಧಾರಿತ, ಅದಕ್ಕೆ ಶುಲ್ಕವಿಲ್ಲ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ, ಅದನ್ನು ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಎಷ್ಟು ಗಾಬರಿಯಾಯಿತೆಂಬುದು ನೆನಪಿರಬಹುದು. ಮಾರಾಟದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ, ದಿನದ ಲೆಕ್ಕಕ್ಕೊಂದು ನೋಟುಬುಕ್ಕು ಇಟ್ಟವರಿಗೆ ಅಂಥ ಗಾಬರಿಯ ಅಗತ್ಯವಿಲ್ಲ. ಸಾಲದ ಬಗ್ಗೆ ಮಾತ್ರ ನನಗೆ ಗಟ್ಟಿ ಅಭಿಪ್ರಾಯವಿದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮದ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ, ಹೂಮಾಲೆ ಕಟ್ಟುವವರು, ಬುಟ್ಟಿ ಹೆಣೆಯುವವರು ಇದ್ದಾರೆ, ಕಸೂತಿಯವರು ಪ್ರತ್ಯೇಕವಾಗಿ ಇಲ್ಲ. ಅದು ಸೇರಬೇಕು ಎಂದು ಕೇಳುವುದು ನ್ಯಾಯವೇ. ಆದರೂ ಸೂಜಿ ದಾರದ ಉದ್ಯಮಕ್ಕೆ ಮೊದಲ ವರ್ಷ ಸಾಲ ಬೇಕಾಗುವುದೇ ಇಲ್ಲ. ತಾಸಿನ ಲೆಕ್ಕ ಗೊತ್ತಿಲ್ಲದವರಿಗೆ ಕೊಟ್ಟ ಸಾಲ ನಷ್ಟವನ್ನೇ ದೊಡ್ಡದು ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಖರ್ಚು ಯಾರ ಲೆಕ್ಕಕ್ಕೂ ಬರದೆ ಉಳಿಯುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಅಂದರೆ ಹೆಂಗಸಿನ ಹವ್ಯಾಸ ನಡೆಯುವುದು ಐದು ತಾಸಿಗೆ ಹತ್ತಿರದ ದುಡಿಮೆ ಮುಗಿದ ಮೇಲೆ. ಅದೇ ಹವ್ಯಾಸ ಉದ್ಯಮವಾದಾಗ ಆ ಐದು ತಾಸು ಕಡಿಮೆಯಾಗುವುದಿಲ್ಲ, ನಿದ್ದೆ ಕಡಿಮೆಯಾಗುತ್ತದೆ. ಆರ್ಡರ್ ಹೆಚ್ಚು ಬರುವುದು ದಸರಾ, ದೀಪಾವಳಿ ಮತ್ತು ಮದುವೆಯ ದಿನಗಳಲ್ಲಿ, ಮನೆಯಲ್ಲಿ ಕರಚಿಕಾಯಿ, ನೆಂಟರು, ಪಾತ್ರೆಯ ರಾಶಿ ಹೆಚ್ಚುವುದೂ ಆಗಲೇ. ‘ಅವಳು ಏನೋ ಬಿಸಿನೆಸ್ ಮಾಡ್ತಾಳೆ’ ಎಂದು ಹೆಮ್ಮೆಯಿಂದ ಹೇಳುವ ಮನೆಯವರು ಆ ವಾರ ರೊಟ್ಟಿ ಬಡಿಯುವವರು ಯಾರು ಎಂಬುದನ್ನೂ ಗೊತ್ತುಮಾಡಬೇಕು. ಗಂಡ, ಮಗ ಅದನ್ನು ಹಂಚಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಉದ್ಯಮದ ಮೊದಲ ಸಂಬಳ ಕಸೂತಿ ಕಲಿತ ಸಹಾಯಕಿಗೆ ಹೋಗುವ ಮೊದಲು ಅಡಿಗೆಗೆ ಬರುವಾಕೆಗೆ, ಇಲ್ಲವೇ ಖಾನಾವಳಿಯಿಂದ ತರಿಸಿದ ರೊಟ್ಟಿಗೆ ಹೋಗಲಿ. ಆ ಹಣವನ್ನು ಮನೆಖರ್ಚಿನ ಪುಟದಲ್ಲಿ ಬರೆಯದೆ, ಸೀರೆಯ ಪುಟದಲ್ಲಿ ದಾರದ ಲಡಿಯ ಕೆಳಗೆ ಬರೆಯಬೇಕು, ಬೆಲೆ ಹೇಳುವಾಗ ಅದನ್ನೂ ಕೂಡಿಸಿ ಹೇಳಬೇಕು.